ನೀರಿನ ಕಡೆಗೆ ಕೈ

ಸೆಪ್ಟೆಂಬರ್ 8, 2025, ಸೋಮವಾರ

ಒಕ್ಕೂಟ ಕೊಟ್ಟ ಮಾತು: ಮುಳುಗಡೆಯಿಂದ ಎದ್ದು ಬಂದ ಯಾವ ಊರನ್ನೂ ಬಿಡುವುದಿಲ್ಲ. ಬಿಟ್ಟಿದ್ದಾರೆ.

ಒಕ್ಕೂಟ ಕೊಟ್ಟ ಇನ್ನೊಂದು ಮಾತು: ಅರಣ್ಯ, ಕಂದಾಯ ಇಲಾಖೆಗಳ ಜಂಟಿ ಅಳತೆಯ ಪಟ್ಟಿಯಲ್ಲಿ ಬೆಟ್ಟಿನಕೊಪ್ಪದ ಮೇಲುಗದ್ದೆ ಇದ್ದೇ ಇರುತ್ತದೆ. ಇಲ್ಲ.

ಸರ್ಕಾರ ಅಂದು ಕೊಟ್ಟ ಮಾತು: ಅಣೆಕಟ್ಟಿಗೆ ಊರು ಬಿಟ್ಟವರಿಗೆ ಭೂಮಿಗೆ ಭೂಮಿ. ಕೊಟ್ಟದ್ದು ಲಾರಿ. ಲಾರಿ ತಂದು ಕಾಡಿನಲ್ಲಿ ಇಳಿಸಿ ವಾಪಸು ಹೋಯಿತು.

ನಾವು ಕೇಳಿದ್ದು ಹಕ್ಕುಪತ್ರ. ಸಿಕ್ಕಿದ್ದು ನೋಟೀಸು. ಕಾಡಿನ ಗಡಿಗೆ ಕಂದಕ ತೋಡುವ ಮೊದಲು ಊರವರನ್ನು ಒಂದು ಮಾತು ಕೇಳಿ ಅಂದೆವು. ದೀಪಾವಳಿ ಕಳೆದ ಮೇಲೆ ಜೆಸಿಬಿ ಬರುತ್ತದಂತೆ. ಅದೇ ಉತ್ತರ.

ಇವತ್ತು ಸಾಗರದ ಸಭೆಯಲ್ಲಿ ಪಟ್ಟಿ ಓದಿದರು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮುಳುಗಡೆ ಪಂಚಾಯಿತಿಗಳು ಸೇರಿ ಕಟ್ಟಿದ ಒಕ್ಕೂಟ. ಒಬ್ಬೊಬ್ಬರೇ ಕೂಗಿದರೆ ಯಾರಿಗೂ ಕೇಳುವುದಿಲ್ಲ ಎಂದು ಕಟ್ಟಿದ್ದು. ಬೆಟ್ಟಿನಕೊಪ್ಪ ಪಂಚಾಯಿತಿಯ ಅಧ್ಯಕ್ಷೆ ಎಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಕಾರ್ಯದರ್ಶಿ ಆ ತೀರ್ಥಹಳ್ಳಿಯ ವಕೀಲೆ, ವಿಭಾ ಎಂದು ಹೆಸರು, ಓದುತ್ತ ಹೋದಳು. ಹೊಸನಗರ ತಾಲ್ಲೂಕು ಮುಗಿಯಿತು. ನಮ್ಮ ಹೆಸರು ಬರಲಿಲ್ಲ. ಅವಳು ಕಾಗದ ಮಡಚಿ ನೀರು ಕುಡಿದಳು.

ಪಟ್ಟಿಯಲ್ಲಿ ಇಲ್ಲದ ಗದ್ದೆ ಕಂದಕದ ಆಚೆ ಹೋಗುತ್ತದೆ. ಕಂದಕದ ಆಚೆ ಹೋದದ್ದೆಲ್ಲ ಕಾಡು. ಮೇಲ್ಕೇರಿ ಕೆಳಕೇರಿ ಎರಡೂ ಉಣ್ಣುವುದು ಆ ಗದ್ದೆಯ ಅನ್ನ.

ಒಕ್ಕೂಟ ನಡೆಸುವ ಇವರ ಅಜ್ಜಂದಿರು ಜಮೀನ್ದಾರರಾಗಿ ನಮ್ಮ ಗೇಣಿ ತಿಂದರು. ಇವರು ನಮ್ಮ ಹೋರಾಟ ತಿನ್ನುತ್ತಾರೆ. ಈ ಒಕ್ಕೂಟ ಬಿಡಬೇಕು. ಸದ್ದಿಲ್ಲದೆ ಅಲ್ಲ, ಬಾಗಿಲು ಧಡ್ ಅನ್ನುವ ಹಾಗೆ.

ಸೆಪ್ಟೆಂಬರ್ 11, ಗುರುವಾರ

ಬೆಳಗಿನ ಜಾವ ಕನಸು. ಹಿರೇಬೈಲಿನಲ್ಲಿ ಭಾಷಣ ಮಾಡುತ್ತಿದ್ದೆ. ಹಿರೇಬೈಲು ನಮ್ಮ ಹಳೇ ಊರು, ನಾನು ಹುಟ್ಟುವ ಎಷ್ಟೋ ಮೊದಲೇ ಹಿನ್ನೀರಿನ ಅಡಿಗೆ ಹೋದದ್ದು. ಕಂಡವಳಲ್ಲ. ಆದರೂ ಕನಸಿನಲ್ಲಿ ಯಾರನ್ನೂ ದಾರಿ ಕೇಳಬೇಕಾಗಲಿಲ್ಲ. ಹಸಿರು ಬೆಳಕು. ಗದ್ದೆಯಂಚಿನ ಮೇಲೆ ಮೀನುಗಳು ಸಾಲಾಗಿ ನಿಂತು ಕೇಳುತ್ತಿದ್ದವು. ಬಾಯಿ ತೆರೆದರೆ ಘೋಷಣೆ ಬರಲಿಲ್ಲ, ಗುಳ್ಳೆ ಬಂತು. ಒಂದೊಂದೇ ಗುಳ್ಳೆ ಮೇಲೇರಿ ಎಲ್ಲೋ ದೂರದಲ್ಲಿ ಒಡೆಯುತ್ತಿತ್ತು.

ಅತ್ತೆ ಕನ್ನಮ್ಮನಿಗೆ ಹೇಳಿದೆ. ಪೈರು ಎಷ್ಟುದ್ದ ಇತ್ತು ಎಂದು ಕೇಳಿದರು. ಮೊಣಕಾಲುದ್ದ ಎಂದೆ. ಹಾಗಾದರೆ ಅಲ್ಲೂ ನಾಟಿ ಸಮಯಕ್ಕೆ ಸರಿಯಾಗಿ ಆಗಿದೆ ಎಂದು ಸಮಾಧಾನದಿಂದ ದೋಸೆ ಮಗುಚಿದರು.

ಸೆಪ್ಟೆಂಬರ್ 17, ಬುಧವಾರ

ಪಂಚಾಯಿತಿ ಸಭೆ. ಒಕ್ಕೂಟದ ಸದಸ್ಯತ್ವ ಬಿಡುವ ನಿರ್ಣಯ ಮಂಡಿಸಿದೆ. ಮೈಕು ಇರಲಿಲ್ಲ, ಬೇಕಾಗಲೂ ಇಲ್ಲ. ಅರ್ಧ ಆಯುಷ್ಯ ರಸ್ತೆಯಲ್ಲಿ ಕೂಗಿ ಬೆಳೆಸಿದ ಗಂಟಲು ಇದು. ದ್ರೋಹ ಎಂಬ ಪದವನ್ನು ಎಷ್ಟು ಸಲ ಬಳಸಿದೆನೋ ಗೊತ್ತಿಲ್ಲ. ಕಿಟಕಿಯ ಹೊರಗೆ ನಿಂತವರು ಚಪ್ಪಾಳೆ ತಟ್ಟಿದರು.

ಉಪಾಧ್ಯಕ್ಷ ಗುತ್ಯಪ್ಪ ಮಾತ್ರ ಮೀಸೆ ತಿರುವುತ್ತ ಕೂತಿದ್ದ. ನಾನು ಕುಳಿತ ಮೇಲೆ ನಿಧಾನಕ್ಕೆ ಕೇಳಿದ:

"ಅಕ್ಕ, ಒಕ್ಕೂಟ ಬಿಟ್ರೆ ಆಮೇಲೆ ನಾವು ಯಾರ ಕೂಡೆ ಜಗಳ ಆಡೂದು?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೈ ಎತ್ತಿ ಅಂದೆ. ಎತ್ತಿದರು. ಗುತ್ಯಪ್ಪನೂ ಎತ್ತಿದ, ಬೆನ್ನು ತುರಿಸಿಕೊಳ್ಳುವ ಹಾಗೆ. ನಿರ್ಣಯ ಪಾಸು.

ಒಕ್ಕೂಟದ ನಿಯಮ ಒಂದಿದೆ. ಬಿಡುವ ಪಂಚಾಯಿತಿಯ ಅಧ್ಯಕ್ಷರು ತುಂಬಿದ ಸಭೆಯಲ್ಲಿ ನಿಂತು ತಾವೇ ಓದಬೇಕು. ಅಲ್ಲಿಯವರೆಗೆ ಬಿಟ್ಟ ಹಾಗಲ್ಲ. ಒಳ್ಳೆಯದೇ. ಇಪ್ಪತ್ತೆಂಟಕ್ಕೆ ತೀರ್ಥಹಳ್ಳಿಯಲ್ಲಿ ಸಭೆ. ಅವರ ಮುಖ ನೋಡಿಕೊಂಡೇ ಓದುತ್ತೇನೆ.

ಸೆಪ್ಟೆಂಬರ್ 23, ಮಂಗಳವಾರ

ಮಂಜು. ಹಿನ್ನೀರು ಕಾಣಲಿಲ್ಲ, ಅದರ ಸದ್ದೂ ಇಲ್ಲ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರ ಮಾತು ಆ ಬಿಳಿಯ ಒಳಗಿಂದ ಬರುತ್ತಿತ್ತು. ಯಾರು ಇತ್ತ ದಂಡೆ, ಯಾರು ಅತ್ತ ದಂಡೆ ತಿಳಿಯಲಿಲ್ಲ. ಪಂಚಾಯಿತಿಗೆ ಹೋಗುವುದು ಬಿಟ್ಟು ಸುಮ್ಮನೆ ಅಲ್ಲೇ ನಿಂತೆ. ಕೆಲಸವಿಲ್ಲದವಳ ಹಾಗೆ.

ಓದಬೇಕಾದ ನಿರ್ಣಯ ಮತ್ತೆ ತಿದ್ದಿದೆ. 'ದ್ರೋಹ' ಎರಡು ಕಡೆ ತೆಗೆದೆ. ಪುನರುಕ್ತಿ ಆಗುತ್ತಿತ್ತು.

ಸೆಪ್ಟೆಂಬರ್ 28, ಭಾನುವಾರ

ತೀರ್ಥಹಳ್ಳಿ. ಬರೆಯಲು ಮನಸ್ಸಿಲ್ಲ, ಆದರೂ ಬರೆಯಬೇಕು.

ಸಭೆಯ ಗೋಡೆಗೆ ದೊಡ್ಡ ನಕ್ಷೆ ತೂಗುಹಾಕಿದ್ದರು. ಮೂರು ತಾಲ್ಲೂಕು, ನಡುವೆ ಹಿನ್ನೀರು ಕೈಕಾಲು ಚಾಚಿ ಮಲಗಿದ ಹಾಗೆ ನೀಲಿ. ನಾನು ಎದ್ದು ನಿಂತೆ. ಓದುವ ಮೊದಲು ಒಂದು ಪ್ರಶ್ನೆ ಎಂದೆ. ನಮ್ಮೂರನ್ನು ಯಾರಿಗೆ ಮಾರಿದಿರಿ, ಲಾಯರಮ್ಮ?

ವಿಭಾ ಸಿಟ್ಟಾಗಲಿಲ್ಲ. ಅದು ನನ್ನನ್ನು ಇನ್ನೂ ಕೆರಳಿಸಿತು.

"ಯಮುನಕ್ಕ, ಮೇ ತಿಂಗಳಲ್ಲಿ ಅಳತೆಯವರ ಜೊತೆ ನಿಮ್ಮೂರಿಗೆ ನಾನೇ ಬಂದಿದ್ದೆ. ನೀವು ಅವತ್ತು ಶಿವಮೊಗ್ಗದ ಧರಣಿಯಲ್ಲಿದ್ರಿ. ನಿಮ್ಮ ಜಾಗ ಯಾವುದು ಅಂತ ಅವರು ಒಬ್ಬೊಬ್ಬರನ್ನೇ ಕೇಳಿದ್ರು. ಎಲ್ಲರೂ ನೀರು ತೋರಿಸಿದ್ರು."

ಏನು ನೀರು ಎಂದೆ.

"ಹಿನ್ನೀರು. ಮೇಲುಗದ್ದೆಯಲ್ಲೇ ನಿಂತ್ಕೊಂಡು, ಬೆನ್ನು ಅದಕ್ಕೆ ಹಾಕಿ, ಕೈ ನೀರಿನ ಕಡೆಗೆ. ಇಲ್ಲಿ ಯಾರೂ ಜಾಗ ಕೇಳಿಲ್ಲ ಅಂತ ಅವರು ಬರ್ಕೊಂಡು ಹೋದ್ರು. ನಾನು ಎಷ್ಟು ಹೇಳಿದ್ರೂ, ಊರವರೇ ಹೇಳ್ಬೇಕು ಅಂದ್ರು. ನಿಮಗೆ ಅಲ್ಲಿಂದಲೇ ಫೋನ್ ಮಾಡಿದೆ. ಹಿಂದೆ ಧಿಕ್ಕಾರ ಧಿಕ್ಕಾರ ಕೇಳ್ತಿತ್ತು. ಆಮೇಲೆ ಮಾತಾಡ್ತೀನಿ ಅಂದ್ರಿ."

ಸುಳ್ಳು ಎಂದೆ. ನಮ್ಮ ಜನ ಬಡವರು, ಹುಚ್ಚರಲ್ಲ. ಆಗ ಅವಳು ಪಕ್ಕಕ್ಕೆ ಸರಿದು, ಸರಿ ಅಕ್ಕ, ನಿಮ್ಮ ಜಾಗ ಎಲ್ಲಿ ಬರ್ತದೆ ನೀವೇ ತೋರಿಸಿ, ಈಗಲೇ ಗುರುತು ಹಾಕ್ತೀನಿ ಅಂತ ಪೆನ್ನು ಬಿಚ್ಚಿದಳು.

ನಡೆದು ಹೋದೆ. ಹೊಸನಗರ ಹುಡುಕಿದೆ. ಹುಂಚದಿಂದ ಬರುವ ರಸ್ತೆ ಹಿಡಿದು ಬಂದೆ. ಬೆರಳು ಇಟ್ಟೆ. ವಿಭಾ ಪೆನ್ನಿನ ಮುಚ್ಚಳ ಹಾಕಿದಳು. ಯಾಕೆ ಎಂದು ನೋಡಿದರೆ ಬೆರಳು ನೀಲಿಯಲ್ಲಿತ್ತು.

ತೆಗೆದೆ. ನಕ್ಷೆಯ ಮೇಲೆ ಬೆವರಿನ ಗುರುತು ಒಂದು ಕ್ಷಣ ಇದ್ದು ಆರಿತು.

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಸಾಗರದ ಕಡೆಯ ಕಡವಿನಮನೆ ಪಂಚಾಯಿತಿಯ ಮಂಜುನಾಥಪ್ಪ, ತಮ್ಮೂರಲ್ಲೂ ಹಾಗೇ ಆಗಿದೆ, ನಾಚಿಕೆಗೆ ಹೇಳಿರಲಿಲ್ಲ ಎಂದರು. ಇನ್ನೊಬ್ಬರು ತಲೆ ತಗ್ಗಿಸಿದರು.

ಮತ್ತೊಮ್ಮೆ ಅಳತೆ ಕೇಳಬಹುದಂತೆ. ಒಂದೇ ಸಲ. ಊರಿನ ಹಿರಿಯರು ಗದ್ದೆಯಲ್ಲಿ ನಿಂತು ಇದು ನಮ್ಮದು ಎಂದು ಬಾಯಿಬಿಟ್ಟು ಹೇಳಬೇಕು. ಅರ್ಜಿ ಒಕ್ಕೂಟದ ಮೂಲಕವೇ ಹೋಗಬೇಕು.

ನಿರ್ಣಯ ಓದಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಸೆಪ್ಟೆಂಬರ್ 29, ಸೋಮವಾರ

ಊರಿನ ಹಿರಿಯರು ಅಂದರೆ ಅತ್ತೆಯೇ. ಕನ್ನಮ್ಮನ ಮಾತು ಒಂದಾದರೆ ಕೆಳಕೇರಿ ಮೇಲ್ಕೇರಿ ಎರಡಾಗುವುದಿಲ್ಲ. ಲಾರಿಯಲ್ಲಿ ಬಂದಾಗ ಅವರು ಲಂಗ ಉಟ್ಟ ಹುಡುಗಿ.

ಹಿತ್ತಿಲಲ್ಲಿ ಸೊಪ್ಪು ಸೋಸುತ್ತಿದ್ದರು. ಎದುರಿಗೆ ಕೂತು, ಅಳತೆಯವರು ಬಂದಾಗ ಎಂತಕ್ಕೆ ನೀರು ತೋರಿಸಿದಿರಿ ಎಂದು ಕೇಳಿದೆ. ದನಿ ಏರಿಸಲಿಲ್ಲ. ಏರಲಿಲ್ಲ.

"ಅವ್ರು ಕೇಳಿದ್ದು ನಿಮ್ಮ ಜಾಗ ಯಾವ್ದು ಅಂತ. ಅದಲ್ದೆ ಮತ್ಯಾವ್ದೇ ನಮ್ದು?"

ಮೇಲುಗದ್ದೆ ಎಂದೆ.

"ಅದು ಇಟ್ಕಂಡಿದ್ದು ಕಣೇ. ಕಟ್ಕಂಡಿದ್ದಲ್ಲ."

ಇಷ್ಟು ವರ್ಷ ಅನ್ನ ಹಾಕಿದೆಯಲ್ಲ ಅತ್ತೆ ಎಂದೆ.

"ಇಟ್ಕಂಡವಳು ಅನ್ನ ಹಾಕೂದಿಲ್ವಾ? ಗಂಡಸ್ರನ್ನ ಕೇಳು, ಕಟ್ಕಂಡವಳಿಗಿಂತ ಚೆನ್ನಾಗಿ ಹಾಕ್ತಾಳೆ ಅಂತಾರೆ."

ಹಿತ್ತಿಲ ಬೇಲಿಯಾಚೆ ಯಾರೋ ಕಿಸಕ್ಕೆಂದರು. ನನಗೂ ನಗು ಬಂತು. ಆದರೆ ಅತ್ತೆ ನಗುತ್ತಿರಲಿಲ್ಲ. ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇದು ನಮ್ದು ಅಂದ್ರೆ ಅದನ್ನ ಬಿಟ್ವಿ ಅಂತ ಆಗ್ತದೆ ಯಮುನಾ. ನೀರು ಕೇಳಿಸ್ಕಂತದೆ."

ನನ್ನ ಬಳಿ ಇದಕ್ಕೆ ಉತ್ತರವಿದೆ. ಹಕ್ಕು, ಕಾನೂನು, ಇತಿಹಾಸ. ಎಷ್ಟೋ ವೇದಿಕೆಯಲ್ಲಿ ಹೇಳಿದ್ದೇನೆ. ಸೊಪ್ಪಿನ ಮೊರವನ್ನು ನನ್ನ ಕಡೆಗೆ ಎಳೆದುಕೊಂಡು ನಾನೂ ಸೋಸಲು ಕೂತೆ.

ಅಕ್ಟೋಬರ್ 3, ಶುಕ್ರವಾರ

ಮನೆಮನೆ ತಿರುಗಿದೆ. ಕರಪತ್ರ ಇಲ್ಲ, ಧ್ವನಿವರ್ಧಕ ಇಲ್ಲ. ಒಂದೇ ಪ್ರಶ್ನೆ: ನಿಮ್ಮ ಜಾಗ ಯಾವುದು? ಕೈಗಳೆಲ್ಲ ಒಂದೇ ದಿಕ್ಕಿಗೆ. ಕೆಳಕೇರಿಯ ಕೆರಿಯಮ್ಮ ಒರಳು ತಿರುಗಿಸುತ್ತ ಗದ್ದ ಎತ್ತಿ ಆ ಕಡೆ ತೋರಿಸಿದಳು. ಮೊನ್ನೆ ಮೊನ್ನೆ ಕವಲೇದುರ್ಗದ ಬದಿಯಿಂದ ಮದುವೆಯಾಗಿ ಬಂದ ಹುಡುಗಿ, ಅವಳೂ. ನೀನು ನೀರಿನಲ್ಲಿ ಏನು ಕಂಡಿದ್ದೀಯೇ ಎಂದರೆ, ಇವರು ತೋರಿಸಿದ್ದಾರೆ, ಅಲ್ಲಿ ನಮ್ಮ ಹಲಸಿನಮರ ಇದೆಯಂತೆ ಎಂದಳು.

ಸಂಜೆ ಮೇಲುಗದ್ದೆಗೆ ಹೋಗಿ ಕೂತೆ. ಹಾಲು ತುಂಬುತ್ತಿರುವ ತೆನೆ. ಗಾಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಓಡಿತು, ನೀರಿನ ಮೇಲೆ ಓಡುವ ಹಾಗೆಯೇ. ಇಷ್ಟು ವರ್ಷ ಇದಕ್ಕಾಗಿ ಕೂಗಿದ್ದೇನೆ. ಹೀಗೆ ಕೂತು ನೋಡಿದ್ದಿಲ್ಲ. ಒಂದು ಕಡೆ ಅಂಚು ಒಡೆದಿತ್ತು, ಕಾಲಿನಿಂದ ಮಣ್ಣು ತುಳಿದು ಮುಚ್ಚಿ ಬಂದೆ.

ವಿಭಾ ಫೋನ್ ಮಾಡಿದ್ದಳು. ಅರ್ಜಿ ಕೊಟ್ಟಾಯಿತಂತೆ. ಊಟ ಆಯ್ತಾ ಎಂದೂ ಕೇಳಿದಳು. ನೀನು ಮೊದಲು ಸರಿಯಾಗಿ ಉಣ್ಣು ಮಾರಾಯ್ತಿ, ಕಡ್ಡಿ ಹಾಗಿದ್ದೀಯ ಅಂದೆ.

ಅಕ್ಟೋಬರ್ 6, ಸೋಮವಾರ

ನಾಳೆ ನಸುಕಿಗೆ ಭೂಮಿ ಹುಣ್ಣಿಮೆ. ತೆನೆ ಹೊತ್ತ ಭೂಮಿ ಬಸುರಿ. ಅವಳ ಬಯಕೆಗೆ ಉಣಬಡಿಸುವ ಹಬ್ಬ. ಎಲ್ಲ ಊರಿನವರೂ ತಮ್ಮ ತಮ್ಮ ಗದ್ದೆಗೆ ಬುಟ್ಟಿ ಹೊತ್ತು ಹೋಗಿ ಎಡೆಯ ಅನ್ನದ ಚರಗ ಚೆಲ್ಲುತ್ತಾರೆ. ನಾವು ಹೋಗುವುದು ದಂಡೆಗೆ. ಬೆಂದ ಕಡುಬು, ಹತ್ತಾರು ಬಗೆಯ ಸೊಪ್ಪಿನ ಕುಡಿಯ ಪಲ್ಯ, ಎಲ್ಲ ನೀರಿಗೆ. ಮುಳುಗಿದ ಗದ್ದೆಯೂ ಬಸುರಿಯೇ ಎಂದು ನಮ್ಮವರ ನಂಬಿಕೆ, ಹೆರುವುದೊಂದು ಬಾಕಿ. ನಾನು ಹುಟ್ಟಿದಾಗಿನಿಂದ ಹೀಗೇ. ಬೇರೆ ಥರ ಇರಬಹುದೆಂದು ಯಾರಿಗೂ ಅನ್ನಿಸಿದ್ದಿಲ್ಲ, ನನಗೂ. ಮೇಲುಗದ್ದೆಗೆ ಒಂದು ತುತ್ತು ಬಿದ್ದಿಲ್ಲ, ಒಂದು ವರ್ಷವೂ.

ಕೆರಿಯಮ್ಮ ಬಂದು ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಗೆರೆ ಎಳೆದಳು. ಅವಳ ಕೈ ನೋಡುತ್ತ ಅತ್ತೆಯ ಹತ್ತಿರ ಹೇಳಿದೆ, ಅಳತೆಗೆ ಇಪ್ಪತ್ತೊಂಬತ್ತನೇ ತಾರೀಕು ಗೊತ್ತುಮಾಡಿದ್ದಾರೆ. ಒತ್ತಾಯ ಇಲ್ಲ ಅತ್ತೆ, ನೀವು ಸುಳ್ಳು ಹೇಳಬೇಡಿ. ಅಷ್ಟೇ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ.

ಅಕ್ಟೋಬರ್ 7, ಮಂಗಳವಾರ

ನಸುಕಿನಲ್ಲಿ ಹೊರಟೆವು. ಚಂದ್ರ ಇನ್ನೂ ಇದ್ದ, ಮಂಜಿನಲ್ಲಿ ಕರಗಿದ ಬೆಲ್ಲದ ಹಾಗೆ. ದೊಂದಿಯ ಬೆಳಕು ಮುಂದಿನವರ ಹೆಗಲವರೆಗೆ ಮಾತ್ರ. ಕಾಲು ತಾನಾಗಿ ದಂಡೆಯ ಇಳಿಜಾರು ಹಿಡಿಯುತ್ತಿತ್ತು.

ದಾರಿ ಕವಲಾಗುವಲ್ಲಿ ಅತ್ತೆ ನಿಂತರು. ಹಿಂದಿನವರೆಲ್ಲ ನಿಂತರು. ಅತ್ತೆ ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಇಳಿಸಿ ನನ್ನ ತಲೆಗೆ ಇಟ್ಟರು. ಸಿಂಬಿ ಸರಿಮಾಡಿದರು.

"ನೀ ಮೇಲೆ ಹೋಗು. ನಾ ಅದಕ್ಕೆ ಹೇಳಿ ಬರ್ತೀನಿ."

ಬರಿಗೈಯಲ್ಲಿ ಕೆಳಗೆ ಇಳಿದು ಹೋದರು. ಜೊತೆಗೆ ಹೋಗಲು ಗುತ್ಯಪ್ಪ ಒಂದು ಹೆಜ್ಜೆ ಇಟ್ಟ, ಕೆರಿಯಮ್ಮ ಅವನ ತೋಳು ಹಿಡಿದಳು. ಮಂಜು ಅತ್ತೆಯ ಸೀರೆಯನ್ನು ತೆಗೆದುಕೊಂಡಿತು, ಆಮೇಲೆ ಬಿಳಿ ಕೂದಲನ್ನು.

ಮೇಲುಗದ್ದೆಗೆ ಹೋದೆವು. ಬುಟ್ಟಿ ಇಳಿಸಿದೆ. ಈಗ ಕರೆಯಬೇಕು, ಬಾ ತಾಯಿ, ಉಣ್ಣು ಎಂದು ಕೂಗಿ ಕರೆಯದೆ ಚರಗ ಚೆಲ್ಲುವಂತಿಲ್ಲ. ಮೂರು ತಾಲ್ಲೂಕಿಗೆ ಕೇಳುವ ಹಾಗೆ ಕೂಗಿದವಳು ನಾನು. ಆದರೆ ಈ ನೆಲವನ್ನು ತಾಯಿ ಅಂತ ಕರೆದವರು ನಮ್ಮಲ್ಲಿ ಯಾರೂ ಇಲ್ಲ. ಗುರುತಿಲ್ಲದವರ ಮನೆ ಬಾಗಿಲಲ್ಲಿ ನಿಂತ ಹಾಗಿತ್ತು. ಕೊನೆಗೆ ತೀರಾ ಸಣ್ಣಗೆ ಕರೆದೆ, ಮಲಗಿದ ಮಗು ಏಳಬಾರದು ಎನ್ನುವಷ್ಟು. ಪಕ್ಕದ ಹೆಂಗಸರು ಅಷ್ಟೇ ಸಣ್ಣಗೆ ಹೇಳಿದರು. ತೆನೆಯ ಮೇಲೆ ಅನ್ನ ಬಿದ್ದ ಸದ್ದು ಕೇಳಿಸಿತು. ನೀರಿಗೆ ಬಿದ್ದರೆ ಈ ಸದ್ದು ಬರುವುದಿಲ್ಲ.

ಬೆಳಕು ಹರಿದ ಮೇಲೆ ಅತ್ತೆ ಬಂದರು. ಮೊಣಕಾಲಿನವರೆಗೆ ಒದ್ದೆ. ಅಂಚಿನ ಮೇಲೆ ಕೂತು ಕಡುಬು ತಿಂದರು.

"ಹೇಳ್ದೆ."

ಎಂತ ಅಂತು ಎಂದು ಗುತ್ಯಪ್ಪ ಕೇಳಿದ. ತಮಾಷೆ ಮಾಡುತ್ತಿರಲಿಲ್ಲ.

"ನೀರು ಎಂತ ಅಂತದೆ. ಕೇಳಿಸ್ಕಂತು."

ಅಕ್ಟೋಬರ್ 10, ಶುಕ್ರವಾರ

ಪಂಚಾಯಿತಿ ಸಭೆ. ಹೋದ ತಿಂಗಳು ಹದಿನೇಳರ ನಿರ್ಣಯ ರದ್ದು. ಗುತ್ಯಪ್ಪ ಈ ಸಲ ಕೈಯನ್ನು ಪೂರ್ತಿ ಎತ್ತಿದ. ಕಿಟಕಿಯ ಹೊರಗಿನ ಒಬ್ಬ, ಒಕ್ಕೂಟದವರು ಮತ್ತೆ ಕೈ ಕೊಟ್ಟರೆ ಎಂತ ಮಾಡ್ತೀರಿ ಅಧ್ಯಕ್ಷ್ರೇ ಎಂದ. ಕೈ ಕೊಡಲಿಕ್ಕೆ ಬೇರೆ ಯಾರಿದ್ದಾರೆ, ಒಕ್ಕೂಟ ಅಂದರೆ ನಾವೇ ಅಲ್ಲವಾ ಎಂದೆ. ಮುಂದಿನ ವಿಷಯ ಬೀದಿದೀಪ.

ಅಕ್ಟೋಬರ್ 29, ಬುಧವಾರ

ಅಳತೆ ಆಯಿತು.

ಜೆಸಿಬಿ ಎರಡು ದಿನದಿಂದ ಕಾಡಿನಂಚಿನ ಬಯಲಲ್ಲಿ ಬಂದು ನಿಂತಿದೆ, ಮೂತಿ ನೆಲಕ್ಕೆ ಊರಿ. ಅದರ ಎದುರಲ್ಲೇ ಊರೆಲ್ಲ ಮೇಲುಗದ್ದೆಯಲ್ಲಿ ಸೇರಿತ್ತು. ವಿಭಾ ಬಂದಿದ್ದಳು. ಕಡವಿನಮನೆಯಿಂದ ಮಂಜುನಾಥಪ್ಪನವರೂ ಬಂದಿದ್ದರು. ನಾನು ಘೋಷಣೆ ಬೇಡ ಎಂದಿದ್ದೆ. ಯಾಕೆ ಹಾಗೆಂದೆನೋ, ಬ್ಯಾನರು ಬರೆಸಿದ್ದು ಹಾಗೇ ಉಳಿಯಿತು.

ಅಳತೆಯವರು ಮೂರು ಕಾಲಿನ ಯಂತ್ರ ನಿಲ್ಲಿಸಿದರು. ಅವರಲ್ಲಿ ಚಿಕ್ಕವನು, ಕನ್ನಡಕದವನು, ಕಾಗದ ಹಿಡಿದು ಅತ್ತೆಯ ಹತ್ತಿರ ಬಂದು ಗೌರವದಿಂದಲೇ ಕೇಳಿದ. ಅಜ್ಜಿ, ನಿಮ್ಮ ಜಾಗ ಯಾವುದು?

ಅತ್ತೆಯ ಬಲಗೈ ಎದ್ದಿತು. ನೀರಿನ ಕಡೆಗೆ ತಿರುಗಿತು. ವಿಭಾ ನನ್ನ ಬೆರಳು ಹಿಡಿದುಕೊಂಡಳು, ನಾನು ಬಿಡಿಸಿಕೊಳ್ಳಲಿಲ್ಲ. ಕೆಳಗೆ ಹಿನ್ನೀರು ಬಿಸಿಲಿಗೆ ಬೆಳ್ಳಗೆ, ಅಲುಗದೆ ಮಲಗಿತ್ತು. ಕೈ ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅತ್ತೆ ಅದನ್ನು ಮೆಲ್ಲಗೆ ಇಳಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಿಂತಿದ್ದು ಕಾಣ್ತಿಲ್ವಾ ಮಗಾ? ಇದೇ."

ಅವನು ಬರೆದುಕೊಂಡ. ಹಳೇ ಕಾಗದ ನೋಡಿ, ಹಾಗಾದರೆ ಅದು ಎಂದು ಪೆನ್ನಿನಿಂದ ನೀರು ತೋರಿಸಿದ.

"ಅದು ನಿಮ್ದು. ನಿಮ್ಮ ಕರೆಂಟಿಗೆ ಅಂತ ನಾವು ಕೊಟ್ಟಿದ್ದು. ಚೆನ್ನಾಗಿ ನೋಡ್ಕಳಿ."

ಅವನ ಪೆನ್ನು ನಿಂತಿತು. ಇದನ್ನು ಬರೆಯಬೇಕೋ ಬೇಡವೋ ಎಂದು ಹಿರಿಯ 'ಸರ್' ಕಡೆ ನೋಡಿದ. ಅವರು ಯಂತ್ರದ ಕಣ್ಣಿಗೆ ಕಣ್ಣು ಹಚ್ಚಿಕೊಂಡೇ ಬರೆದುಕೋ ಎಂದರು.

ಪಟ್ಟಿಗೆ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ಈ ಸಲ ಇಲ್ಲ ಅಂದರೆ ನಾವು ಕೇಳದೆ ಬಿಟ್ಟದ್ದಲ್ಲ, ಅವರು ಕಿತ್ತುಕೊಂಡದ್ದು. ಆಗ ಕೂಗುವುದಕ್ಕೆ ಗಂಟಲು ಇದ್ದೇ ಇದೆ. ಜೆಸಿಬಿಯವನು ಸಂಜೆ ಗಾಡಿಗೆ ಟಾರ್ಪಾಲು ಹೊದಿಸಿ ಹುಲಿಕಲ್ ಕಡೆಯ ಬಸ್ಸಿಗೆ ಹೊರಟ. ಪಟ್ಟಿ ಬರುವವರೆಗೆ ಕೆಲಸವಿಲ್ಲವಂತೆ.

ಮಂಜುನಾಥಪ್ಪನವರು ನಮ್ಮಲ್ಲೇ ಊಟ ಮಾಡಿದರು. ಕಡವಿನಮನೆಯ ಮುದುಕಿಯರು ಬಾಯೇ ಬಿಡುವುದಿಲ್ಲವಂತೆ, ನೀರಿನ ಕಡೆ ಕೈ ತೋರಿಸಿ ಎದ್ದು ಹೋಗುತ್ತಾರಂತೆ. ಅಳತೆಯ ದಿನ ಹತ್ತಿರ ಬಂತು, ಯಮುನಮ್ಮ, ನೀವು ಬಂದು ಒಂದು ಭಾಷಣ ಮಾಡಬೇಕು ಎಂದರು. ಭಾಷಣ ಬೇಡ ಎಂದೆ. ಅತ್ತೆ ತಟ್ಟೆಗೆ ಮಜ್ಜಿಗೆ ಸುರಿಯುತ್ತ, ಸಾಗರಕ್ಕೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು.

ಒಕ್ಕೂಟದ ಮುಂದಿನ ಸಭೆ ಕಡವಿನಮನೆಯ ಗದ್ದೆಯಲ್ಲಿ: ನವೆಂಬರ್ 9, ಭಾನುವಾರ, ಬೆಳಿಗ್ಗೆ ಹತ್ತೂವರೆಗೆ.